ಏಡಿಯ ತೂತಿನಿಂದ ನೂರು ಹೆಜ್ಜೆ

“ಮೊದಲೇ ಹೇಳ್ತೆ ಕೂಸೇ, ನನಗೆ ಕಥೆ ಹೇಳಲಿಕ್ಕೆ ಬರೂದಿಲ್ಲ,” ಎಂದ ಜಟ್ಟಪ್ಪಜ್ಜ. “ಹಿಂದು ಮುಂದಾದರೆ ನಗಬೇಡ. ಕಥೆ ಹೇಳೂದು ನಿನ್ನ ಅಜ್ಜಿಯ ಕೆಲಸವಾಗಿತ್ತು. ಅವಳು ಹೇಳುವಾಗ ನಾನು ಬಲೆ ತೇಪೆ ಹಾಕ್ತಾ ಅರ್ಧ ಕೇಳಿದ್ದು, ಅರ್ಧ ತೂಕಡಿಸಿದ್ದು.”

ಮೊಮ್ಮಗಳು ಪ್ರಣೀತಾ ಹೊಸ್ತಿಲ ಮುಂದೆ ಕುಕ್ಕರಗಾಲಲ್ಲಿ ಕೂತಿದ್ದಳು. ಅವಳಮ್ಮ ರಂಗೋಲಿ ಹಾಕುವ ಜಾಗದಲ್ಲೇ ಒಂದು ಹೊಸ ತೂತು. ತೂತಿನ ಸುತ್ತ ಸಾಸಿವೆಯಂತಹ ಮರಳುಂಡೆಗಳ ಸಾಲು. ಒಳಗಿನಿಂದ ಎರಡು ಕಡ್ಡಿಗಣ್ಣುಗಳು ಹೊರಗೆ ಇಣುಕುತ್ತಿದ್ದವು.

“ದಂಡೆಯ ಏಡಿ ನಮ್ಮನೆ ಬಾಗಿಲಿಗೆ ಯಾಕೆ ಬಂತು?” ಎಂದು ಅವಳು ಬೆಳಗಿನಿಂದ ಮೂರು ಸಲ ಕೇಳಿದ್ದಳು. ಎರಡು ಸಲ ಅಜ್ಜ ಕಿವಿ ಕೇಳದವನಂತೆ ಇದ್ದುಬಿಟ್ಟಿದ್ದ. ಉತ್ತರ ಗೊತ್ತಿಲ್ಲದ್ದಕ್ಕಲ್ಲ, ಗೊತ್ತಿದ್ದುದಕ್ಕೆ. ಅವರದು ಕಡಲಿಗೂ ಹೊಳೆಗೂ ನಡುವೆ ನಾಲಗೆಯ ಹಾಗೆ ಚಾಚಿಕೊಂಡ ಮರಳಿನ ಊರು. ಅವತ್ತು ಹುಣ್ಣಿಮೆ. ಸಂಜೆಗೆ ದೊಡ್ಡ ಉಬ್ಬರ.

ಅಜ್ಜ ಕಡಲಿನ ಕಡೆ ಒಮ್ಮೆ ನೋಡಿ, ಗಂಟಲು ಸರಿಮಾಡಿಕೊಂಡು ಶುರುಮಾಡಿದ.

ಲೋಕ ಹೊಸದಾಗಿದ್ದ ಕಾಲ. ಹೊಸದು ಅಂದರೆ, ಬೆಟ್ಟಗಳ ಮೈ ಇನ್ನೂ ಬಿಸಿ ಆರಿರಲಿಲ್ಲ, ಹೊಳೆಗಳಿಗೆ ತಮ್ಮ ದಾರಿ ಇನ್ನೂ ಬಾಯಿಪಾಠ ಆಗಿರಲಿಲ್ಲ. ಆಗ ಕಡಲಿಗೆ ದಂಡೆ ಎಂಬುದೇ ಇರಲಿಲ್ಲ. ದಂಡೆ ಅಂದರೆ ಅಂಚು. ಚಾಪೆಗೆ ಅಂಚಿಲ್ಲದಿದ್ದರೆ ಏನಾಗುತ್ತದೆ? ಬಿಚ್ಚಿಕೊಳ್ಳುತ್ತಾ ಹೋಗುತ್ತದೆ. ಕಡಲೂ ಹಾಗೆಯೇ, ಇವತ್ತು ಇಲ್ಲಿ ಮಲಗಿದರೆ ನಾಳೆ ಅಲ್ಲಿ ಮಲಗುತ್ತಿತ್ತು. ಹುಲ್ಲಿನಲ್ಲಿ ಮಲಗಿದ ಮೊಲ ನೀರಿನಲ್ಲಿ ಏಳುತ್ತಿತ್ತು. ಕೆಲವು ಏಳುತ್ತಲೇ ಇರಲಿಲ್ಲ.

“ಸತ್ತು ಹೋಗ್ತಿದ್ವಾ?”

“ಹೌದು. ಅಂದರೆ… ಹೌದು.”

ಆ ಕಾಲದಲ್ಲಿ ಏಡಿ ನೇರ ನಡೆಯುತ್ತಿತ್ತು. ನೇರ ಅಂದರೆ ನೀನು ಶಾಲೆಗೆ ಹೋಗುವ ಹಾಗೆ.

“ನಾನು ನೇರ ಹೋಗೂದಿಲ್ಲ ಅಜ್ಜ. ಗೇರುಮರದ ಹತ್ತಿರ ಸುತ್ತಿಕೊಂಡು ಹೋಗ್ತೆ.”

“ಆಯ್ತು ಮಾರಾಯ್ತಿ, ನಿನ್ನ ಅಮ್ಮ ಹೋಗುವ ಹಾಗೆ.”

ಹೊಟ್ಟೆಯ ಕೆಳಗೆ ಮೊಟ್ಟೆ ಹೊತ್ತ ಒಂದು ತಾಯಿ ಏಡಿ ಇತ್ತು. ಒಂದು ದಿನ ಅದು ಮೇವಿಗೆ ಹೊರಟು ಕಡಲಿಗೆ ಬೆನ್ನು ಹಾಕಿ ನಡೆಯಿತು. ಹಿಂದಿನಿಂದ ಕಡಲು ಸದ್ದಿಲ್ಲದೆ ಬಂದು ಮೊಟ್ಟೆಗಳನ್ನೆಲ್ಲ ಬಳಿದುಕೊಂಡು ಹೋಯಿತು. ಒಂದನ್ನೂ ಬಿಡಲಿಲ್ಲ.

ಏಡಿ ಅಳಲಿಲ್ಲ. ಸೀದಾ ಕಡಲಿನ ಮುಂದೆ ಹೋಗಿ ನಿಂತಿತು. ಆನೆಯೂ ಹೆದರಿ ನಿಲ್ಲದ ಜಾಗ ಅದು. ಗಾಳಿ ಕೂಡ ಉಸಿರು ಹಿಡಿಯಿತು.

“ನೀನು ಎಲ್ಲಿಯವರೆಗೆ ಬರುತ್ತೀ ಅಂತ ಹೇಳಿಬಿಡು. ನಾವು ಅದರಾಚೆ ಬದುಕುತ್ತೇವೆ,” ಎಂದಿತು.

“ನನಗೇ ಗೊತ್ತಿಲ್ಲ,” ಎಂದಿತು ಕಡಲು. “ನೀನೇ ಗೆರೆ ಹಾಕು. ನಾನು ಅಲ್ಲಿಗೆ ಬಂದು ಮುಟ್ಟಿ ಹಿಂದೆ ಹೋಗುತ್ತೇನೆ. ಆದರೆ ನಾನು ಮುಟ್ಟಿದರೆ ಗೆರೆ ಅಳಿಯುತ್ತದೆ. ದಿನಾ ಹೊಸದಾಗಿ ಹಾಕಬೇಕು. ಇನ್ನೊಂದು ಮಾತು. ನನಗೆ ಎಂದೂ ಬೆನ್ನು ತೋರಿಸಬೇಡ.”

ಅವತ್ತಿನಿಂದ ಏಡಿ ಮರಳನ್ನು ಉಂಡೆ ಕಟ್ಟಿ ಸಾಲಾಗಿ ಇಡತೊಡಗಿತು. ಕಡಲು ಬಂದು ಅಳಿಸುವುದು, ಏಡಿ ಮತ್ತೆ ಇಡುವುದು. ಕಡಲು ಅಳಿಸುವುದು, ಏಡಿ ಇಡುವುದು. ಬೆನ್ನು ತೋರಿಸಬಾರದಲ್ಲ, ಅದಕ್ಕೆ ಅಡ್ಡಡ್ಡ ನಡೆಯಲು ಕಲಿಯಿತು. ಅಡ್ಡ ನಡೆದರೆ ಒಂದು ಕಣ್ಣು ಕಡಲಿನ ಮೇಲೆ, ಒಂದು ಕಣ್ಣು ನೆಲದ ಮೇಲೆ. ನೋಡಿ ನೋಡಿ ಆ ಕಣ್ಣುಗಳು ಕಡ್ಡಿಯ ಹಾಗೆ ಮೇಲೆದ್ದವು.

“ಅಜ್ಜಾ, ಇದು ಕಥೆಯಾ ಪಾಠವಾ? ಎಲ್ಲದಕ್ಕೂ ‘ಅಂದರೆ, ಅದಕ್ಕೆ’ ಅಂತೀಯಲ್ಲ.”

“ಹೇಳದೆ ಬಿಟ್ಟರೆ ನಿನಗೆ ತಿಳೀಲಿಲ್ಲ ಅಂತ ಆಗಬಾರದಲ್ಲ,” ಎಂದ ಅಜ್ಜ. ಅವನ ಮನಸ್ಸು ಅರ್ಧ ಕಡಲಿನ ಸದ್ದಿನಲ್ಲಿತ್ತು. ಸದ್ದು ನಿನ್ನೆಗಿಂತ ಹತ್ತಿರವಿತ್ತು. ಅವನು ಸ್ವಲ್ಪ ಜೋರಾಗಿ ಹೇಳತೊಡಗಿದ.

ಆಮೇಲೆ ಮನುಷ್ಯ ಬಂದ. ದೋಣಿ ಎಳೆದು ನಿಲ್ಲಿಸಿ, “ಏಡಿಯಮ್ಮಾ, ಗುಡಿಸಲು ಎಲ್ಲಿ ಕಟ್ಟಲಿ?” ಎಂದು ಕೇಳಿದ.

“ನನ್ನ ತೂತು ಕಡಲಿನ ಸಮಾಧಾನದ ದಿನಕ್ಕೆ,” ಎಂದಿತು ಏಡಿ. “ಅದಕ್ಕೆ ಸಿಟ್ಟು ಬರುವ ದಿನವೂ ಉಂಟು. ಎಲ್ಲಕ್ಕಿಂತ ಮೇಲಿನ ನನ್ನ ತೂತು ಹುಡುಕು. ಅಲ್ಲಿಂದ ನೂರು ಹೆಜ್ಜೆ ಒಳಗೆ ನಡೆ. ಅಲ್ಲಿ ಕಂಬ ನೆಡು.”

ಭೂಮಿ ಮಲಗಿದಲ್ಲಿಂದಲೇ ಇನ್ನೊಂದು ಮಾತು ಸೇರಿಸಿತು. “ನನ್ನ ಹೊಟ್ಟೆಯಲ್ಲಿ ಹಳೆಯ ಬೆಂಕಿ ನಿದ್ದೆ ಮಾಡುತ್ತಿದೆ. ಕಪ್ಪು ಕಲ್ಲಾಗಿ, ಕಪ್ಪು ಎಣ್ಣೆಯಾಗಿ. ಚಳಿಗೆ ಕಟ್ಟಿಗೆ ಸಾಕು. ಅದನ್ನು ಎಬ್ಬಿಸಬೇಡ.”

“ನಮ್ಮ ಊರಲ್ಲಿ ಎಲ್ಲರೂ ನೂರು ಹೆಜ್ಜೆ ಅಳೆದೇ ಮನೆ ಕಟ್ಟಿದ್ದು,” ಎಂದ ಅಜ್ಜ. “ಈ ಮನೆಗೆ ನನ್ನ ಅಪ್ಪ ಅಳೆದ. ನಾನು ಹಿಂದೆ ಹಿಂದೆ ಎಣಿಸ್ತಾ ಬಂದೆ. ಅಪ್ಪನ ಕಾಲು ಉದ್ದ. ನೂರಕ್ಕೆ ಸರಿಯಾಗಿ ಈ ಹೊಸ್ತಿಲು.”

ಪ್ರಣೀತಾ ತೂತನ್ನು ನೋಡಿದಳು, ಹೊಸ್ತಿಲನ್ನು ನೋಡಿದಳು.

ಮುಂದೆ ಏನಾಯಿತೆಂದರೆ, ದೂರದ ಊರುಗಳಲ್ಲಿ ಯಾರೋ ಆ ಬೆಂಕಿಯನ್ನು ಎಬ್ಬಿಸಿದರು. ಮೊದಲು ಸ್ವಲ್ಪ. ಆಮೇಲೆ ಇನ್ನೂ ಸ್ವಲ್ಪ. ಆಮೇಲೆ ಎಲ್ಲರೂ ಎಬ್ಬಿಸಿದರು. ಸುಳ್ಳು ಯಾಕೆ ಹೇಳಲಿ, ನಮ್ಮ ದೋಣಿಗೆ ಇಂಜಿನ್ ಕೂರಿಸಿದ ದಿನ ನಾನೂ ಊರಿಗೆಲ್ಲ ಬೆಲ್ಲ ಹಂಚಿದೆ. ಹೊಗೆ ಮೇಲೆ ಹೋಗಿ ಆಕಾಶಕ್ಕೆ ಕಂಬಳಿ ಹೊದಿಸಿತು. ಕಂಬಳಿಯೊಳಗೆ ಕಡಲಿಗೆ ಜ್ವರ ಬಂತು. ಎಲ್ಲೋ ಲೋಕದ ತುದಿಯಲ್ಲಿದ್ದ ಹಿಮದ ಬೆಟ್ಟಗಳು ಬೆವರಿ ಅದರೊಳಗೆ ಇಳಿದವು. ತಾರ್ಲೆ ಮೀನು ಬಿಸಿ ತಡೆಯದೆ ಆಳಕ್ಕೆ ಹೋಯಿತು. ನಮ್ಮ ಬಾವಿಯ ನೀರು ಉಪ್ಪಾಯಿತು. ನಿನ್ನ ಅಮ್ಮ ಗಂಜಿಗೆ ಉಪ್ಪು ಹಾಕುವುದನ್ನೇ ಬಿಟ್ಟಳು.

ಒಂದು ಬೆಳಗ್ಗೆ ಏಡಿ ನೋಡುತ್ತದೆ, ಗೆರೆ ಅಳಿಸಿದ ಕಡಲು ಹಿಂದೆ ಹೋಗಿರಲಿಲ್ಲ. ಏಡಿ ಹತ್ತು ಹೆಜ್ಜೆ ಮೇಲೆ ಹೊಸ ಗೆರೆ ಹಾಕಿತು. ಕಡಲು ಅದನ್ನೂ ಅಳಿಸಿತು. ಮತ್ತೆ ಹತ್ತು ಹೆಜ್ಜೆ. ಅದನ್ನೂ ಅಳಿಸಿತು.

“ಮಾತು ಕೊಟ್ಟಿದ್ದೆಯಲ್ಲ!” ಎಂದು ಏಡಿ ಕೂಗಿತು.

“ನಾನು ನಡೆದು ಬರುತ್ತಿಲ್ಲ ಏಡಿ,” ಎಂದಿತು ಕಡಲು. ಅದರ ದನಿ ಜ್ವರ ಬಂದವರ ದನಿಯ ಹಾಗಿತ್ತು. “ಮೈ ಉಬ್ಬುತ್ತಿದೆ. ನನ್ನನ್ನು ನಿಲ್ಲಿಸಲು ನನ್ನಿಂದಲೇ ಆಗುತ್ತಿಲ್ಲ. ನೀನು ಓಡು. ಓಡಿ ಮನುಷ್ಯರಿಗೆ ಹೇಳು.”

ಏಡಿಗೆ ಆಗ ಆದಷ್ಟು ಭಯ ಮೊಟ್ಟೆ ಹೋದ ದಿನವೂ ಆಗಿರಲಿಲ್ಲ. ಸಿಟ್ಟು ಬಂದ ಕಡಲಿಗೆ ಎದುರು ಮಾತಾಡಬಹುದು. ಹೆದರಿದ ಕಡಲಿಗೆ ಏನು ಹೇಳುವುದು? ಏಡಿಗೆ ಕೂಗಿ ಹೇಳುವ ಗಂಟಲಿಲ್ಲ. ಗೊತ್ತಿದ್ದುದು ತೂತು ತೋಡುವುದು, ಉಂಡೆ ಕಟ್ಟುವುದು ಅಷ್ಟೇ.

ಪ್ರಣೀತಾ ಅಜ್ಜನ ಮೊಣಕಾಲಿಗೆ ಅಂಟಿ ಕೂತಳು. “ಅದಕ್ಕೇ ನಮ್ಮನೆಗೆ ಬಂತಾ?”

“ಅದಕ್ಕೇ ಕೂಸೇ,” ಎಂದ ಅಜ್ಜ. “ಇವತ್ತಿಗೂ ಏಡಿ ಅಡ್ಡಡ್ಡ ಓಡೂದು, ಮನೆಬಾಗಿಲಿಗೆ ಬಂದು ತೂತು ತೋಡೂದು ಅದಕ್ಕೇ. ನಮ್ಮನ್ನು ಹೆದರಿಸಲಿಕ್ಕಲ್ಲ. ಅದು ಹೇಳೂದು ಏನಂದರೆ, ಹೊಸ ಗೆರೆ ಇದು, ಇನ್ನು ಇಲ್ಲಿಂದ ನೂರು ಹೆಜ್ಜೆ ಎಣಿಸಿ, ಅಲ್ಲಿ ಕಂಬ ನೆಡಿ. ಈಗ ನಾವು ಇಲ್ಲಿಂದ ಎಣಿಸಿದರೆ, ಅಂದರೆ ಹಿತ್ತಿಲು ದಾಟಿ ಹೋದರೆ, ಅಲ್ಲಿ…”

“ಮಾವಾ!” ಮನೆಯ ಬಡಗು ಮೂಲೆಯಿಂದ ಸೊಸೆ ಲಲಿತಾ ಕೂಗಿದಳು. “ಮಾವಾ, ಕಥೆ ಸಾಕು, ಬೇಗ ಬನ್ನಿ! ನೀರು ಬಾವಿಕಟ್ಟೆಗೆ ಬಂತು. ದೋಣಿ ತೇಲ್ತಾ ಉಂಟು!”

ಜಟ್ಟಪ್ಪಜ್ಜ ಮಾತು ಅಲ್ಲೇ ಬಿಟ್ಟು ಎದ್ದು ಓಡಿದ. ಮೊಣಕಾಲುದ್ದ ನೀರಿನಲ್ಲಿ ನಿಂತು ದೋಣಿಯ ಹಗ್ಗವನ್ನು ತೆಂಗಿನ ಮರಕ್ಕೆ ಎರಡು ಸುತ್ತು ಹಾಕಿದ. ಮೂರನೆಯ ಸುತ್ತು ಹಾಕುವಾಗ ಹಿತ್ತಿಲ ಕಡೆಯಿಂದ ಮೊಮ್ಮಗಳ ದನಿ ಕೇಳಿಸಿತು. ಒಂದೊಂದು ಹೆಜ್ಜೆಯನ್ನೂ ಆದಷ್ಟು ಉದ್ದ ಹಾಕಿ, ಜೋರಾಗಿ ಎಣಿಸುತ್ತಿದ್ದಳು.

“ಐವತ್ತೆಂಟು… ಐವತ್ತೊಂಬತ್ತು… ಅರವತ್ತು…”

ಅವನ ಕೈ ಹಗ್ಗದ ಮೇಲೆ ನಿಂತಿತು.

“ಅರವತ್ತೊಂದು. ಅಜ್ಜಾ! ಇಲ್ಲಿಂದ ಮುಂದೆ ಹೊಳೆ!”