ಶೇಷಪ್ಪ ಕರೆದ ಸಾವಿರದ ಒಂಬತ್ತು ಜನ

ಕೇಳಿ ಮಕ್ಕಳೇ, ಹಂಸಗೆರೆ ಅಂತ ಒಂದು ರಾಜ್ಯ. ಅಲ್ಲಿನ ಅರಮನೆಯಲ್ಲಿ ಶೇಷಪ್ಪ ಅಂತ ಒಬ್ಬ ಇದ್ದ. ರಾಜನ ಹುಟ್ಟುಹಬ್ಬದ ಊಟಕ್ಕೆ ಜನರನ್ನು ಕರೆಯುವವನೂ ಅವನೇ, ಪಂಕ್ತಿ ಕೂರಿಸಿ ಬಡಿಸುವವನೂ ಅವನೇ. ಬೆಳ್ಳಿ ಸೌಟು ಅವನ ಕೈಯಲ್ಲೇ ಇತ್ತು. ದೊಡ್ಡವರಿಗೆ ಎರಡು ಸೌಟು, ಬಡವರಿಗೆ ಅರ್ಧ ಸೌಟು ಹಾಕುತ್ತಿದ್ದ.

ರಾಜ ಅದನ್ನು ಕಂಡ. ಸೌಟು ಕಿತ್ತು ತುಂಗವ್ವನಿಗೆ ಕೊಟ್ಟ. ಅಡುಗೆಮನೆಯಲ್ಲಿ ಕಾಯಿ ತುರಿಯುವ ಹೆಂಗಸಿಗೆ! ಶೇಷಪ್ಪನ ಹೊಟ್ಟೆಗೆ ಬೆಂಕಿ ಬಿತ್ತು. ಅವಳು ನಕ್ಕರೆ ಉರಿ, ಅವಳನ್ನು ಯಾರಾದರೂ ಹೊಗಳಿದರೆ ಉರಿ, ಅವಳು ಸುಮ್ಮನೆ ಕೂತರೂ ಉರಿ. ಬಾಯಿಗೆ ಅನ್ನ ಸೇರಲಿಲ್ಲ.

ಅರಮನೆಯಲ್ಲೊಂದು ಪದ್ಧತಿ. ಸಾಲುಗಳೆಲ್ಲ ಸಮ ಇರಬೇಕು, ಯಾರೂ ಒಂಟಿಯಾಗಿ ಉಣ್ಣಬಾರದು. ಕರೆದವರನ್ನು ಬಿಡುವಂತಿಲ್ಲ, ಕರೆಯದವರನ್ನು ಸೇರಿಸುವಂತಿಲ್ಲ. ಅಂಗಳ ಚಿಕ್ಕದು, ಉದ್ದಕ್ಕೆ ಒಂದೇ ಸಾಲು ಹಿಡಿಸದು. ತಪ್ಪಿದರೆ ಪಂಕ್ತಿ ಕೂರಿಸಿದವರು ಸೌಟು ಕೆಳಗಿಡಬೇಕು.

ಕರೆಯುವ ಕೆಲಸ ಇನ್ನೂ ಶೇಷಪ್ಪನದೇ. ಅವನು ಹುಣಸೆಬೀಜ ಹರಡಿಕೊಂಡು ಕೂತ. ಸಾವಿರದ ಒಂಬತ್ತು ಬೀಜ. ಎರಡೆರಡರ ಸಾಲು ಮಾಡಿದ, ಒಂದು ಉಳಿಯಿತು. ಮೂರು ಮೂರರ ಸಾಲು ಮಾಡಿದ, ಒಂದು ಉಳಿಯಿತು. ಏಳೇಳರ ಸಾಲು ಮಾಡಿದ, ಮತ್ತೂ ಒಂದು ಉಳಿಯಿತು. ಮೂವತ್ತೊಂದರ ತನಕ ಬಿಡದೆ ನೋಡಿದ, ಯಾವುದಕ್ಕೂ ಒಡೆಯಲಿಲ್ಲ. ಅದಕ್ಕಿಂತ ಉದ್ದದ ಸಾಲು ಮಾಡಿದರೆ ಸಾಲುಗಳ ಎಣಿಕೆಯೇ ಮೂವತ್ತೊಂದನ್ನು ಮೀರದು, ಅಷ್ಟಕ್ಕೆಲ್ಲ ಒಡೆಯದೆಂದು ಆಗಲೇ ನೋಡಿಯಾಗಿತ್ತು. ಸೊಂಟ ಹಿಡಿದುಕೊಂಡಿತ್ತು, ಆದರೂ ನಕ್ಕ. ಸರಿಯಾಗಿ ಅಷ್ಟೇ ಜನಕ್ಕೆ ವೀಳ್ಯ ಕೊಟ್ಟ.

ಹಬ್ಬದ ದಿನ ತುಂಗವ್ವ ಅಂಗಳದ ಕಡೆ ಹೋಗಲೇ ಇಲ್ಲ. ಅರಮನೆಯ ಹಿಂದಿನ ಕೆರೆಯ ಸುತ್ತ ಬಳೆಯ ಹಾಗೆ ಒಂದೇ ಸಾಲು ಎಲೆ ಹಾಸಿದಳು. ಅದಕ್ಕೆ ತುದಿಯೂ ಇಲ್ಲ, ಅಲ್ಲಿ ಯಾರೂ ಒಂಟಿಯೂ ಅಲ್ಲ.

ಶೇಷಪ್ಪ ಕುದಿದುಹೋದ. "ಮಹಾಪ್ರಭು, ಇದು ಪಂಕ್ತಿಯಲ್ಲ, ಆಟ! ಆಟ ಆದ್ರೆ ನಾನು ಹೇಳಿದ ಹಾಗೆ ಆಡ್ಲಿ. ಒಂದು ಎಲೆಯಿಂದ ಶುರುಮಾಡಿ, ಅಲ್ಲಿಂದ ನಾನು ಹೇಳಿದಷ್ಟನೇ ಎಲೆಗೇ ಬಡಿಸ್ತಾ ಹೋಗಬೇಕು. ಮೊದಲನೇ ಎಲೆಗೇ ಮತ್ತೆ ಕೈ ಬಂದ್ರೆ ನಿಲ್ಲಿಸಬೇಕು. ಯಾರಾದ್ರೂ ಉಳಿದ್ರೆ ಸೌಟು ನನ್ನದು!"

"ಉಳಿಯದಿದ್ದರೆ?" ಅಂದ ರಾಜ.

"ಎಂಜಲೆಲೆ ಎತ್ತುತ್ತೀನಿ!"

ತುಂಗವ್ವ ಸೆರಗು ಬಿಗಿದಳು. ಉಪ್ಪಿಗೆ ಅವನು ಎರಡು ಅಂದ. ಒಂದು ಬಿಟ್ಟು ಒಂದು ಎಲೆಗೆ ಬಡಿಸಿದಳು. ಸುತ್ತು ಮುಗಿದಾಗ ಕೈ ಮೊದಲ ಎಲೆಯನ್ನು ದಾಟಿ ಬಿಟ್ಟುಹೋದ ಎಲೆಗೇ ಬಿತ್ತು. ಎರಡು ಸುತ್ತಿಗೆ ಎಲ್ಲರಿಗೂ ಉಪ್ಪು. ಕೋಸಂಬರಿಗೆ ಮೂರು ಅಂದ. ಮೂರು ಸುತ್ತಿಗೆ ಎಲ್ಲರಿಗೂ ಕೋಸಂಬರಿ. ತುಪ್ಪಕ್ಕೆ ಏಳು ಅಂತ ಕಿರುಚಿದ. ಏಳು ಸುತ್ತಿಗೆ ಎಲ್ಲರಿಗೂ ತುಪ್ಪ.

"ಮಾಟ! ಮಾಟ!" ಅಂದ ಶೇಷಪ್ಪ.

"ಮಾಟ ಎಲ್ಲಿ ಬಂತಣ್ಣ?" ಅಂದಳು ತುಂಗವ್ವ. "ನೀನು ಸಾವಿರ ಜನ ಕರೆದಿದ್ರೆ ಎರಡೆರಡು ಹಾರುವಾಗಲೇ ಅರ್ಧ ಜನಕ್ಕೆ ಉಪ್ಪಿಲ್ಲ, ನಾನು ಸೋಲ್ತಿದ್ದೆ. ಇದು ಒಡೆಯದ ಸಂಖ್ಯೆ. ಒಂದು ಸುತ್ತಿನೊಳಗೆ ಎಷ್ಟು ಹಾರಿದ್ರೂ ಎಲ್ಲರನ್ನೂ ಮುಟ್ಟದೆ ಮೊದಲಿಗೆ ವಾಪಸು ಬರಲ್ಲ. ಕಷ್ಟಪಟ್ಟು ಹುಡುಕಿಕೊಟ್ಟವನು ನೀನೇ ಅಲ್ವಾ?"

ಕೂತವರೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕರು. ಶೇಷಪ್ಪ ಬಗ್ಗಿ ಬಗ್ಗಿ ಸಾವಿರದ ಒಂಬತ್ತು ಎಲೆ ಎತ್ತಿದ.

ನೀತಿ ಇಷ್ಟೇ ಮಕ್ಕಳೇ: ಹೊಟ್ಟೆಕಿಚ್ಚಿನಿಂದ ಇನ್ನೊಬ್ಬರನ್ನು ಸೋಲಿಸಲು ಪಟ್ಟ ಶ್ರಮ ಅವರನ್ನೇ ಗೆಲ್ಲಿಸಬಹುದು. ಸೊಂಟ ನೋಯುವುದು ಮಾತ್ರ ನಮ್ಮದೇ.