ಕರಡಿಯ ಹೆಂಡದಂಗಡಿಗೆ ಬಳ್ಳಿಯ ಅಳತೆ

ಕರಡಿಯ ಹೆಂಡದಂಗಡಿಯ ಪರವಾನಗಿ ಮುಂದುವರಿಸಬೇಕೋ ಬೇಡವೋ ಎಂದು ವಿಚಾರಿಸಲು ಆನೆ ಬಂತು. ಮರಿಗಳಿರುವ ಜಾಗಕ್ಕೂ ಅಂಗಡಿಗೂ ನಡುವೆ ಒಂದು ಬಳ್ಳಿಯುದ್ದ ಅಂತರವಿರಬೇಕೆಂಬುದು ಕಾಡಿನ ಕಟ್ಟಳೆ. ಆನೆ ತಾನೇ ಬಳ್ಳಿ ಹಿಡಿದು ಅಳೆಯಿತು; ಅಂತರ ಸರಿಯಾಗಿಯೇ ಇತ್ತು.

“ನನ್ನಿಂದ ಯಾರಿಗೂ ತೊಂದರೆಯಿಲ್ಲ ಸ್ವಾಮಿ,” ಎಂದಿತು ಕರಡಿ. ಗಿರಾಕಿ ಕಾಡುಹಂದಿ ಹೌದೆಂದು ತಲೆಯಾಡಿಸಿತು. ಆನೆ ಒಪ್ಪಿಗೆ ಕೊಡುವುದರಲ್ಲಿತ್ತು. ಅಷ್ಟರಲ್ಲಿ, ದೂರದ ಪೊದೆಯ ಬಳಿ ಮರಿಗಳನ್ನು ಬೆನ್ನಹಿಂದೆ ಇಟ್ಟುಕೊಂಡು ನಿಂತಿದ್ದ ಹಂದಿಯ ಹೆಂಡತಿ ಅದರ ಕಣ್ಣಿಗೆ ಬಿದ್ದಳು.

“ಹತ್ತಿರ ಬಾರಮ್ಮ. ಅಲ್ಲೇಕೆ ನಿಂತೆ?”

“ಇವರು ಕುಡಿದಾಗ ಕೋರೆ ತಾಗದಷ್ಟು ದೂರ ನಿಂತು ನಿಂತು ರೂಢಿಯಾಗಿದೆ ಸ್ವಾಮಿ.”

“ಇವತ್ತು ಕುಡಿದಿಲ್ಲವಲ್ಲ?”

“ಅದು ತಿಳಿಯಬೇಕಾದರೆ ಹತ್ತಿರ ಬರಬೇಕಲ್ಲ.”

ಆನೆ ಗಂಡನ ಕಾಲಿನಿಂದ ಹೆಂಡತಿಯ ಕಾಲಿನ ಕಡೆಗೆ ಅದೇ ಬಳ್ಳಿಯನ್ನು ಎಳೆಯಿತು. ಬಳ್ಳಿ ಸಾಲಲಿಲ್ಲ.

“ಬಾಗಿಲು ಹಾಕು,” ಎಂದಿತು ಕರಡಿಗೆ.