ಹತ್ತು ದಿನ ನೋಡಿಕೊಂಡು ಬನ್ನಿ

"ಬುದ್ಧಿ, ಯಾವ ಊರಿಗೆ ಹೋಗೋಣ?" ಎಂದು ಶಿಷ್ಯ ಚನ್ನವೀರ ಕೇಳಿದ.

ಗುರುಗಳನ್ನು ಎರಡು ತಿಂಗಳು ಕಾಡಿದ ಜ್ವರ ಆಗಷ್ಟೇ ಬಿಟ್ಟಿತ್ತು. ಕೆಲವು ದಿನ ಕಡಲ ಗಾಳಿಯಲ್ಲಿ ಇದ್ದು ಬಂದರೆ ಮೈಗೆ ಕಸುವು ಕೂಡೀತು ಎಂದು ಮಠದ ಹಿರಿಯರು ಹೇಳಿದ್ದರು. ಜೊತೆಗೆ ಹೋಗಬೇಕಾದವನು ಚನ್ನವೀರ. ಅವನು ಒಂದು ವಾರದಿಂದ ಕಂಡಕಂಡವರನ್ನೆಲ್ಲ ವಿಚಾರಿಸಿದ್ದ. ಒಂದು ಊರಿನಲ್ಲಿ ಮರಳು ಚೆನ್ನ, ಸುತ್ತ ನೋಡುವಂಥದ್ದೇನೂ ಇಲ್ಲ. ಇನ್ನೊಂದರಲ್ಲಿ ಕೋಟೆಯಿದೆ, ಜಲಪಾತವಿದೆ, ನೀರಿಗೆ ಇಳಿಯಲು ಬಂಡೆ ಅಡ್ಡ. ಗುರುಗಳು ಮೊದಲಿನಂತಾಗಬೇಕು ಎಂಬ ಆಸೆ ಅವನಿಗೆ ನಿಜವಾಗಿಯೂ ಇತ್ತು.

"ಆರಾಮವೂ ಆಗಬೇಕು, ಹತ್ತಿರದ ನಾಲ್ಕು ಜಾಗ ನೋಡಿದ ಹಾಗೂ ಆಗಬೇಕು. ನೀವೇ ಅಪ್ಪಣೆ ಕೊಡಿಸಿ, ಬುದ್ಧಿ" ಎಂದ.

ಗುರುಗಳು ಯಾವ ಊರಿನ ಹೆಸರನ್ನೂ ಹೇಳಲಿಲ್ಲ. ಒಂದು ಕತೆ ಹೇಳಿದರು.

ಬಯಲು ಸೀಮೆಯಲ್ಲಿ ಒಬ್ಬ ಜವಳಿ ವ್ಯಾಪಾರಿ ಇದ್ದ. ಒಳ್ಳೆಯವನು. ಗಿರಾಕಿ ಒಂದು ಸೀರೆ ಕೇಳಿದರೆ ಹತ್ತು ಸೀರೆ ಬಿಚ್ಚಿ ಹಾಸುವುದು ಅವನ ಪದ್ಧತಿ. ಸಾಕು ಎಂದರೂ ಬಿಡುವವನಲ್ಲ. "ನೋಡೋದಕ್ಕೇನಂತೆ, ನೋಡಿ" ಎಂದು ಹನ್ನೊಂದನೆಯದಕ್ಕೆ ಕೈ ಹಾಕುತ್ತಿದ್ದ. ಅಂಗಡಿ ಬೆಳೆದದ್ದು ಆ ಗುಣದಿಂದ. ಆದ್ದರಿಂದ ಆ ಗುಣ ಎಲ್ಲ ಕಡೆಗೂ ಒಗ್ಗುತ್ತದೆ ಎಂದು ಅವನು ನಂಬಿದ್ದ.

ಅವನ ಹೆಂಡತಿ ಹಾಸಿಗೆ ಹಿಡಿದ ಅತ್ತೆಯ ಚಾಕರಿಯನ್ನು ಹನ್ನೊಂದು ವರ್ಷ ಮಾಡಿದಳು. ಕೊನೆಗೆ ಅತ್ತೆ ತೀರಿಕೊಂಡರು. ಆದರೆ ಹೆಂಡತಿಯ ಮೈ ಅದನ್ನು ಒಪ್ಪಲಿಲ್ಲ. ಮನೆಯಲ್ಲಿ ಯಾರಾದರೂ ಕೆಮ್ಮಿದರೆ ಅವಳು ಎದ್ದು ನಿಲ್ಲುತ್ತಿದ್ದಳು. ಲೋಟ ಸದ್ದಾದರೆ ಎದ್ದು ನಿಲ್ಲುತ್ತಿದ್ದಳು. ಊಟ ಸೇರುತ್ತಿರಲಿಲ್ಲ, ನಿದ್ದೆ ಹತ್ತುತ್ತಿರಲಿಲ್ಲ. ದಿನದಿನಕ್ಕೆ ಸೊರಗಿ ಕಡ್ಡಿಯಾದಳು. ವ್ಯಾಪಾರಿಗೆ ಹೆದರಿಕೆಯಾಯಿತು. ವೈದ್ಯರ ಬಳಿ ಕರೆದುಕೊಂಡು ಹೋದ.

ವೈದ್ಯರು ನಾಡಿ ಹಿಡಿದು ನೋಡಿದರು. "ಇವರಿಗೆ ಮದ್ದು ಬೇಡ. ಕಡಲ ಕಡೆಗೆ ಕರಕೊಂಡು ಹೋಗಿ. ಹತ್ತು ದಿನ ಚೆನ್ನಾಗಿ ನೋಡಿಕೊಂಡು ಬನ್ನಿ. ಹೀಗೇ ಬಿಟ್ಟರೆ ಕೈ ಮೀರುತ್ತದೆ" ಎಂದರು.

ವ್ಯಾಪಾರಿ ಆ ಮಾತನ್ನು ಶಿರಸಾ ವಹಿಸಿದ. ಹತ್ತು ದಿನ, ಹತ್ತು ಜಾಗ ಎಂದು ಮನಸ್ಸಿನಲ್ಲಿ ಆಗಲೇ ಲೆಕ್ಕ ಹಾಕಿಕೊಂಡ.

ಊರು ಆರಿಸುವುದಕ್ಕೆ ಒಂದು ತಿಂಗಳು ಹಿಡಿಯಿತು. ಮಗಳಿಗೆ ಗಂಡು ಹುಡುಕುವವನೂ ಅಷ್ಟು ವಿಚಾರಿಸುವುದಿಲ್ಲ. ಒಂದು ಊರನ್ನು ಕಂಡು ಬಂದವನೊಬ್ಬ, "ಅಲ್ಲಿ ಏನೂ ಇಲ್ಲ ಸ್ವಾಮಿ, ಬರೀ ಸಮುದ್ರ" ಎಂದ. ವ್ಯಾಪಾರಿ ಆ ಊರನ್ನು ಕೂಡಲೇ ಬಿಟ್ಟ. ಇನ್ನೊಂದು ದೂರವಾಯಿತು. ಮತ್ತೊಂದರಲ್ಲಿ ಊಟ ಸರಿಯಿಲ್ಲ ಎಂದರು. ಕೊನೆಗೆ ಮನಸ್ಸಿಗೆ ಒಪ್ಪುವ ಊರು ಸಿಕ್ಕಿತು. ತಂಗಲು ಸಿಕ್ಕ ಮನೆಯ ಬಾಗಿಲಿಗೇ ಕಡಲು. ಕೋಟೆ ಹತ್ತಿರ, ಗುಹೆ ಹತ್ತಿರ, ಜಲಪಾತ ಹತ್ತಿರ, ದೋಣಿ ಹತ್ತಿದರೆ ದ್ವೀಪ ಹತ್ತಿರ. ವ್ಯಾಪಾರಿ ಹಿಗ್ಗಿದ. ಹೆಂಡತಿ ಉಳಿಯುತ್ತಾಳೆ ಎಂದು ಅಂದೇ ಮೊದಲ ಬಾರಿಗೆ ಅವನಿಗೆ ಅನ್ನಿಸಿತು.

ಅವರು ಊರು ಸೇರಿದ ಸಂಜೆ ಹೆಂಡತಿ ಜಗುಲಿಯಲ್ಲಿ ನಿಂತು ಕಡಲನ್ನು ನೋಡಿದಳು. ಬೆಳಗ್ಗೆ ಇನ್ನೊಮ್ಮೆ ನೋಡೋಣ ಎಂದುಕೊಂಡು ಮಲಗಿದಳು. ಬೆಳಗ್ಗೆ ಅವಳು ಕಾಫಿ ಕುಡಿಯುವ ಮೊದಲೇ ಬಾಡಿಗೆ ಗಾಡಿ ಬಾಗಿಲಲ್ಲಿ ನಿಂತಿತ್ತು.

ಮೊದಲ ದಿನ ಕೋಟೆ. ಎರಡನೆಯ ದಿನ ಜಲಪಾತ. ಮೂರನೆಯ ದಿನ ಗುಹೆ, ಅದರೊಳಗೆ ಬಗ್ಗಿಕೊಂಡೇ ನಡೆಯಬೇಕು. ವ್ಯಾಪಾರಿ ಮುಂದೆ, ಹೆಂಡತಿ ಮೊಣಕಾಲಿನ ಮೇಲೆ ಕೈಯೂರಿಕೊಂಡು ಹಿಂದೆ. ಅವನು ತಿರುಗಿ, "ಇನ್ನೇನು ಬಂತು, ಇಲ್ಲೇ" ಎನ್ನುತ್ತಿದ್ದ. ಅವಳು ತಲೆಯಾಡಿಸುತ್ತಿದ್ದಳು. ಕಡಲು ಗಾಡಿಯ ಕಿಟಕಿಯಲ್ಲಿ ಬಂದು ಹೋಗುತ್ತಿತ್ತು. ಸಂಜೆ ಮನೆಗೆ ಬಂದು ಕಾಲು ನೀವಿಕೊಳ್ಳುತ್ತಾ ಅವಳು ದಿನವೂ ಒಂದೇ ಮಾತು ಕೇಳುತ್ತಿದ್ದಳು: "ನಾಳೆ ಎಲ್ಲಿಗೆ?"

ವ್ಯಾಪಾರಿಗೆ ಖುಷಿಯಾಗುತ್ತಿತ್ತು. ಇವಳಿಗೆ ರುಚಿ ಹತ್ತಿತು ಎಂದುಕೊಂಡ. ಆ ಖುಷಿಯಲ್ಲಿ ಎರಡು ಜಾಗ ಹೆಚ್ಚಿಗೆ ಸೇರಿಸಿದ.

ಏಳನೆಯ ದಿನ ದೀಪಸ್ತಂಭಕ್ಕೆ ಹೋದರು. ಅದು ಮರಳ ತೀರದ ತುದಿಯಲ್ಲಿತ್ತು. ಒಳಗೆ ಸುತ್ತು ಮೆಟ್ಟಿಲು. ಹೆಂಡತಿ ಮೂರನೆಯ ಮೆಟ್ಟಿಲಿನಲ್ಲಿ ನಿಂತುಬಿಟ್ಟಳು. "ನೀವು ನೋಡಿ ಬನ್ನಿ. ನಾನು ಕೆಳಗಿರುತ್ತೇನೆ" ಎಂದಳು. ವ್ಯಾಪಾರಿ ಬೇಸರದಿಂದಲೇ ಒಬ್ಬನೇ ಹತ್ತಿದ.

ತುದಿಯಲ್ಲಿ ಗಾಳಿ ಜೋರಾಗಿತ್ತು. ಆರು ದಿನ ಅಲೆದ ಜಾಗಗಳೆಲ್ಲ ಅಲ್ಲಿಂದ ಒಂದೇ ನೋಟಕ್ಕೆ ಕಾಣುತ್ತಿದ್ದವು. ಕೆಳಗೆ, ಅಲೆ ಬಂದು ಮುಟ್ಟುವ ಅಂಚಿನಲ್ಲಿ, ಒಬ್ಬ ಹೆಂಗಸು ಕೂತಿದ್ದಳು. ಸೀರೆಯನ್ನು ಮೊಣಕಾಲಿಗೆ ಎತ್ತಿಕೊಂಡು ಕಾಲು ಚಾಚಿದ್ದಳು. ನೀರು ಬಂದಾಗ ಹಿಮ್ಮಡಿಯನ್ನು ಮರಳಿಗೆ ಒತ್ತುತ್ತಿದ್ದಳು, ನೀರು ಹೋದಾಗ ಸುಮ್ಮನಿರುತ್ತಿದ್ದಳು. ವ್ಯಾಪಾರಿ ಬಹಳ ಹೊತ್ತು ಅವಳನ್ನೇ ನೋಡಿದ. ಅವನಿಗೆ ಹೊಟ್ಟೆಕಿಚ್ಚಾಯಿತು.

"ಆ ಹೆಂಗಸನ್ನ ನೋಡಿ, ಎಷ್ಟು ಹಾಯಾಗಿ ಕೂತಿದ್ದಾಳೆ! ನಮ್ಮ ಮನೆಯವಳಿಗೂ ಒಂದು ದಿನ ಹಾಗೆ ಕೂರೋಕೆ ಆಗಿದ್ದರೆ ನನಗೆ ಇನ್ನೇನು ಬೇಕಿತ್ತು?" ಎಂದು ಅಲ್ಲಿನ ಕಾವಲುಗಾರನಿಗೆ ಹೇಳಿದ.

ಆಗ ಗಾಳಿ ಬೀಸಿ ಅವಳ ಸೆರಗು ಹಾರಿತು. ಎಲೆ ಹಸಿರು ಒಡಲು, ಅರಿಸಿನ ಬಣ್ಣದ ಅಂಚು. ಎರಡು ವರ್ಷ ಅಂಗಡಿಯ ಕಪಾಟಿನಲ್ಲಿ ಯಾರಿಗೂ ಬೇಡವಾಗಿ ಉಳಿದು, ಕೊನೆಗೆ ಅವನು ಹೆಂಡತಿಗೆ ತಂದುಕೊಟ್ಟ ಸೀರೆ. ಸೀರೆಯ ಗುರುತು ಸಿಕ್ಕಿದ ಮೇಲೆ ಅವನಿಗೆ ಹೆಂಡತಿಯ ಗುರುತು ಸಿಕ್ಕಿತು. ಮದುವೆಯಾಗಿ ಇಪ್ಪತ್ತಾರು ವರ್ಷ. ಅವಳು ಸುಮ್ಮನೆ ಕೂತಿದ್ದನ್ನು ಅವನು ಅದುವರೆಗೆ ಕಂಡೇ ಇರಲಿಲ್ಲ.

ಅವನು ದಡದಡ ಇಳಿದು ಓಡಿದ. ಹೆಜ್ಜೆಯ ಸದ್ದು ಕೇಳಿದ್ದೇ ತಡ, ಅವಳು ಎದ್ದು ನಿಂತಳು. ಸೀರೆ ಇಳಿಬಿಟ್ಟಳು, ಮರಳು ಕೊಡವಿಕೊಂಡಳು. "ಆಯ್ತಾ? ಹೊರಡೋಣವಾ?" ಎಂದಳು. ಮೇಲಿನಿಂದ ಕಂಡ ಹೆಂಗಸು ಅಷ್ಟರಲ್ಲೇ ಮಾಯವಾಗಿದ್ದಳು. ವ್ಯಾಪಾರಿಗೆ ತಡೆಯಲಾರದಷ್ಟು ಸಂಕಟವಾಯಿತು.

"ವೈದ್ಯರು ಹೇಳಿದ ಹಾಗೇ ಮಾಡಿದೆನಲ್ಲೇ. ಚೆನ್ನಾಗಿ ನೋಡಿಕೊಂಡು ಬನ್ನಿ ಅಂದಿದ್ದರು" ಎಂದ.

ಹೆಂಡತಿ ದನಿ ಏರಿಸಲಿಲ್ಲ. "ಹೌದು, ಅಂದಿದ್ದರು. ನನ್ನನ್ನ ಅಂತ ಅಂದುಕೊಂಡಿದ್ದೆ" ಎಂದಳು.

ವ್ಯಾಪಾರಿ ಗಾಡಿಯವನನ್ನು ಕಳಿಸಿಬಿಟ್ಟ. ಹೆಂಡತಿಯನ್ನು ಅದೇ ಜಾಗದಲ್ಲಿ ಕೂರಿಸಿ ತಾನೂ ಪಕ್ಕದಲ್ಲಿ ಕೂತ.

ಅಷ್ಟಕ್ಕೇ ಎಲ್ಲ ಸರಿಹೋಗಲಿಲ್ಲ. ಅವನು ಸ್ವಲ್ಪ ಹೊತ್ತಿಗೆ ಕೆಮ್ಮಿದ, ಅವಳು ಎದ್ದಳು. ಕಾಲು ಜೋಮು ಹಿಡಿದು ಮಗ್ಗುಲು ಬದಲಿಸಿದ, "ಏನು ಬೇಕಿತ್ತು?" ಎನ್ನುತ್ತಾ ಎದ್ದಳು. "ಬಿಸಿಲಾಯಿತಾ? ಎಳನೀರು ತರಲಾ?" ಎಂದು ಅವನು ಉಪಚಾರ ಮಾಡಿದ, ಅದಕ್ಕೂ ಎದ್ದಳು. ಕೂರುವುದು ಅವಳಿಗೆ ಬರುತ್ತಿತ್ತು. ಅವನು ಮೇಲೆ ಇದ್ದಷ್ಟು ಹೊತ್ತು ಕೂತೇ ಇದ್ದಳಲ್ಲ. ತನ್ನ ಮೈ ಮಿಸುಕಾಡುತ್ತಿರುವ ತನಕ ಅವಳ ಮೈ ಕೂರುವುದಿಲ್ಲ ಎಂಬುದು ಸಂಜೆಯ ಹೊತ್ತಿಗೆ ಅವನಿಗೆ ಅರ್ಥವಾಯಿತು. ಅವಳನ್ನು ಬಿಟ್ಟು ದೂರ ಹೋಗಿ ಕೂರಬಹುದಿತ್ತು. ಆದರೆ ವೈದ್ಯರು ಹೇಳಿದ್ದು ಈಗ ಅವನಿಗೆ ಸರಿಯಾಗಿ ಕೇಳಿಸಿತ್ತು.

ಎಂಟನೆಯ ದಿನ ಅವನು ಹಲ್ಲು ಕಚ್ಚಿಕೊಂಡು ಕೂತ. ಅಂಗಡಿಯ ಗಾದಿಯ ಮೇಲೆ ಕೂತೇ ಬಾಳು ಸವೆಸಿದವನಿಗೆ ಮರಳ ಮೇಲೆ ಒಂದು ಗಳಿಗೆ ಕೂರುವುದು ದುಸ್ತರವಾಯಿತು. ಕಾಲಬೆರಳ ಮೇಲೆ ಏಡಿ ಹತ್ತಿ ಇಳಿಯಿತು, ಕಾಲು ಕದಲಿಸಲಿಲ್ಲ. ಮಧ್ಯಾಹ್ನ ಸೋತು ಸೀನಿದ. ಅವಳು ಎದ್ದಳು. ಮತ್ತೆ ಮೊದಲಿನಿಂದ ಕೂತರು. ಆ ಸಂಜೆ ಅವಳು ನಾಳೆಯ ಮಾತು ಎತ್ತಲಿಲ್ಲ.

ಒಂಬತ್ತನೆಯ ದಿನ ದೋಣಿಯ ನೆರಳಿನಲ್ಲಿ ಕೂತಿದ್ದಾಗ ಅವಳು ಮಾತಿನ ನಡುವೆಯೇ ತೂಕಡಿಸಿದಳು. ಹಾಗೇ ಒರಗಿ ಮಲಗಿದಳು. ಗಾಡಿಯವನು ಹುಡುಕಿಕೊಂಡು ಬಂದು, "ಸ್ವಾಮಿ, ಇನ್ನೂ ಐದು ಜಾಗ ಬಾಕಿ ಉಂಟು" ಎಂದ. ವ್ಯಾಪಾರಿ ತುಟಿಯ ಮೇಲೆ ಬೆರಳಿಟ್ಟ. ಗಾಡಿಯವನು ಹೋದ. ಅವಳು ಹೊತ್ತು ಇಳಿಯುವ ತನಕ ನಿದ್ದೆ ಮಾಡಿದಳು. ಅವನು ಅಷ್ಟು ಹೊತ್ತೂ ಅವಳನ್ನು ನೋಡುತ್ತಾ ಕೂತಿದ್ದ. ಎದ್ದವಳು ಹಸಿವು ಎಂದಳು.

ಹೆಂಡತಿ ಬದುಕಿ ಉಳಿದಳು ಎಂದು ಹೇಳಿ ಗುರುಗಳು ಕತೆ ಮುಗಿಸಿದರು.

ಚನ್ನವೀರನ ಮುಖ ಅರಳಿತು. ಅವನು ದಡಕ್ಕನೆ ಎದ್ದು ನಿಂತ. "ಹಾಗಾದರೆ ಆ ಊರೇ ಸರಿ, ಬುದ್ಧಿ. ಅದು ಯಾವ ಊರು ಅಂತ ಅಪ್ಪಣೆಯಾದರೆ ಈಗಲೇ ಹೋಗಿ ಗಾಡಿ ಗೊತ್ತು ಮಾಡಿ ಬರುತ್ತೇನೆ" ಎಂದ.

ಗುರುಗಳು ಅವನನ್ನೇ ನೋಡಿ ಹೇಳಿದರು: "ನನಗೆ ಯಾವ ಊರಾದರೂ ಆದೀತು ಚನ್ನವೀರ, ನನ್ನ ಪಕ್ಕದಲ್ಲಿ ಸುಮ್ಮನೆ ಕೂರುವುದಕ್ಕೆ ನಿನಗೆ ಬರುತ್ತದೆಯೇ?"